ಗ್ಯಾಲರಿಯ ಪೇರಳೆ

ಅಯ್ಯೋ, ಆ ಹಲಸಿನ ಬೀಜವನ್ನು ಕುಂಡದಲ್ಲಿ ಊರಬೇಡಿ ಮಾರಾಯ್ರೇ! ಮೊಳಕೆ ಬರುತ್ತದೆ, ಅದರಲ್ಲಿ ಸಂಶಯವಿಲ್ಲ. ಬಂದ ಮೇಲೆ ಕೀಳಲು ನಿಮಗೆ ಮನಸ್ಸು ಬರುವುದಿಲ್ಲ, ಅದೇ ತೊಂದರೆ. ಡೊಂಬಿವಲಿಯ ಮೂರನೇ ಮಾಳಿಗೆಯಲ್ಲಿ ನೆರೆಮನೆಯವರಾದ ನಮ್ಮ ನಡುವೆ ಬೇಲಿ ಎಲ್ಲಿಂದ ಬರಬೇಕು? ನಮಗಿಬ್ಬರಿಗೂ ಇರುವುದು ಈ ಬಾಕ್ಸ್ ಗ್ರಿಲ್ಲು. ಅದರಲ್ಲಿ ಬಟ್ಟೆ ಒಣಗಬೇಕು, ಏಸಿಯ ಡಬ್ಬ ಕೂರಬೇಕು, ಪಾರಿವಾಳ ಸಂಸಾರ ಹೂಡಬೇಕು. ಮಿಕ್ಕಿದ್ದರಲ್ಲಿ ತೋಟ.

ಊರಿಗೆ ಹೋದವರು ಬರುವಾಗ ಮತ್ಸ್ಯಗಂಧ ರೈಲಿನಲ್ಲಿ ಕಸಿ ಗಿಡವೊಂದನ್ನು ಕಾಲಡಿ ಇಟ್ಟುಕೊಂಡು ಬಂದು ಠಾಣೆಯಲ್ಲಿ ಇಳಿಯುತ್ತಾರೆ. ಒಬ್ಬರಿಗೆ ಮುಂಡಪ್ಪ ಮಾವೇ ಆಗಬೇಕು, ಇನ್ನೊಬ್ಬರಿಗೆ ಅಂಕೋಲೆಯ ಕರಿ ಇಶಾಡು. ಹಣ್ಣಿನ ಜಾತಿಕುಲ ಎಲ್ಲ ಬಾಯಿಪಾಠ. ಯಾವ ಮಣ್ಣಿಗೆ ಹಾಕುತ್ತೀರಿ ಎಂದು ಕೇಳಿದರೆ ಮಾತ್ರ ಮುಖ ನೋಡುತ್ತಾರೆ.

ನರ್ಸರಿಯವನು ಚೀಲದಲ್ಲಿ ಕೊಡುವ ಕೆಂಪು ಮಣ್ಣು ನೋಡಲು ಚಂದ. ಬರೀ ಅದನ್ನೇ ತುಂಬಿದರೆ ಮಾರ್ಚ್ ಹೊತ್ತಿಗೆ ಇಟ್ಟಿಗೆಯ ಹಾಗೆ ಗಟ್ಟಿಯಾಗಿ, ಹಾಕಿದ ನೀರು ಕುಂಡದ ಅಂಚಿನಿಂದಲೇ ಜಾರಿಹೋಗುತ್ತದೆ. ಕಲ್ಯಾಣದ ಕಡೆಯ ಕಪ್ಪು ಜೇಡಿಯದ್ದು ಇನ್ನೊಂದು ರಗಳೆ: ಮಳೆಯಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ನವಿ ಮುಂಬಯಿಯವರ ಪಾಡು ಕೇಳಲೇಬೇಡಿ. 1970ರಲ್ಲಿ ಊರು ಕಟ್ಟುವ ಸಿಡ್ಕೊ ಸಂಸ್ಥೆ ಬರುವ ಮೊದಲು ಅಲ್ಲಿ ಎಷ್ಟೋ ಕಡೆ ಗದ್ದೆ, ಉಪ್ಪಿನ ಆಗರ, ಖಾಡಿಯ ಕೆಸರು. ಅದರ ಮೇಲೆ ಮುರುಮ್ ಸುರಿದು ಊರು ಕಟ್ಟಿದ್ದು. ಸೊಸೈಟಿಯ ಅಂಗಳದಲ್ಲಿ ಎರಡಡಿ ಅಗೆದರೆ ಟೈಲ್ಸ್ ಚೂರು ಸಿಗುತ್ತದೆ, ಎರೆಹುಳ ಸಿಗುವುದಿಲ್ಲ.

ಅದಕ್ಕೇ ನಾನು ಹೇಳುವುದು, ಇಲ್ಲಿ ಮಣ್ಣನ್ನು ಕೊಳ್ಳಬಾರದು, ಮಾಡಿಕೊಳ್ಳಬೇಕು. ಭಾರದ ಲೆಕ್ಕವೂ ಇದೆಯಲ್ಲ. ಒಂದು ಘನ ಅಡಿ ಒದ್ದೆ ಮಣ್ಣು ಹತ್ತಿರ ಹತ್ತಿರ 45 ಕಿಲೋ ತೂಗುತ್ತದೆ. ಅರ್ಧ ಡ್ರಮ್ ತುಂಬಿ ಗ್ಯಾಲರಿಯ ತುದಿಗಿಟ್ಟರೆ 150 ಕಿಲೋ ಮೀರಿತು. ಕೆಳಗಿನ ಮನೆಯವರು ಸೆಕ್ರೆಟರಿಯ ಬಾಗಿಲು ತಟ್ಟುವುದು ಸುಮ್ಮನೆಯಲ್ಲ. ಮಣ್ಣನ್ನು ಹಗುರ ಮಾಡುವ ದಾರಿ ಹತ್ತಿರವೇ ಇದೆ: ಸ್ಟೇಷನ್ ರಸ್ತೆಯ ರಸವಂತಿ ಅಂಗಡಿಗಳಲ್ಲಿ ಕಬ್ಬಿನ ಸಿಪ್ಪೆ ರಾಶಿ ಬಿದ್ದಿರುತ್ತದೆ, ಕೇಳಿದರೆ ಖುಷಿಯಿಂದ ಕೊಡುತ್ತಾರೆ. ಮುಂಬಯಿಯ ಡಾ. ಆರ್.ಟಿ. ದೋಶಿ ಇದೇ ಸಿಪ್ಪೆಯನ್ನು ಚೀಲಕ್ಕೆ ತುಂಬಿಸಿ ತಾರಸಿಯಲ್ಲಿ ಹಣ್ಣು ತರಕಾರಿ ಬೆಳೆದು ತೋರಿಸಿದವರು. ಮುಂಬಯಿ ಪೋರ್ಟ್ ಟ್ರಸ್ಟಿನ ಕ್ಯಾಂಟೀನ್ ತಾರಸಿಯಲ್ಲಿ ಪ್ರೀತಿ ಪಾಟೀಲರು 2002ರಲ್ಲಿ ತೋಟ ಶುರು ಮಾಡಿದ್ದೂ ಅಡುಗೆಮನೆಯ ಕಸವನ್ನೇ ನಂಬಿಕೊಂಡು.

ಆದರೆ ಹಸಿ ಸಿಪ್ಪೆಯನ್ನು ನೇರ ಬೇರಿಗೆ ಕೊಡಬೇಡಿ. ಕೊಳೆಯುವಾಗ ಅದು ಸುತ್ತಲಿನ ಸಾರಜನಕವನ್ನೆಲ್ಲ ತಾನೇ ನುಂಗುತ್ತದೆ, ಗಿಡದ ಎಲೆ ಹಳದಿಯಾಗುತ್ತದೆ, ನೀವು ರೋಗ ಬಂತೆಂದು ಔಷಧಿಯಂಗಡಿಗೆ ಓಡುತ್ತೀರಿ. ಅದಕ್ಕೆ ತರಕಾರಿ ಸಿಪ್ಪೆ, ಹುಳಿ ಮಜ್ಜಿಗೆ, ಸಿಕ್ಕರೆ ಒಂದು ಬೊಗಸೆ ಸೆಗಣಿ ಸೇರಿಸಿ ಎರಡು ಮೂರು ತಿಂಗಳು ಕೊಳೆಯಲು ಬಿಡಿ. ಕಪ್ಪಾಗಿ ಉದುರಾದ ಮೇಲೆ ಕೆಂಪು ಮಣ್ಣಿನ ಜೊತೆ ಸಮಸಮ ಬೆರೆಸಿ. ದೇವರ ಹೂವಿನ ಹಾರವನ್ನು ಹಾಕಬಹುದು, ದಾರ ಬಿಚ್ಚಿ ಹಾಕಿ. ವಾಶಿ ಮಾರ್ಕೆಟಿನಿಂದ ಹಾಪೂಸ್ ಪೇಟಿ ತಂದಿರಾದರೆ ಒಳಗಿನ ಭತ್ತದ ಹುಲ್ಲನ್ನು ಕಸಕ್ಕೆ ಬಿಸಾಡಬೇಡಿ. ಮೇ ತಿಂಗಳ ಬಿಸಿಲಿಗೆ ಕುಂಡದ ಮೇಲೆ ಹೊದಿಸಲು ಅದಕ್ಕಿಂತ ಒಳ್ಳೆಯದಿಲ್ಲ.

ಜೂನ್ ಬಂದರೆ ಕತೆಯೇ ತಿರುಗುತ್ತದೆ. ನಾಲ್ಕು ತಿಂಗಳಲ್ಲಿ 2,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರು ಇದು. ಇಲ್ಲಿ ಗಿಡಗಳು ಬಾಯಾರಿ ಸತ್ತದ್ದಕ್ಕಿಂತ ನೀರು ಕುಡಿದು ಸತ್ತದ್ದೇ ಹೆಚ್ಚು. ಪಪ್ಪಾಯಿಯ ಬುಡದಲ್ಲಿ ಎರಡು ದಿನ ನೀರು ನಿಂತರೆ ಅದರ ಆಸೆ ಬಿಟ್ಟುಬಿಡಿ. ಕುಂಡದ ತಳದಲ್ಲಿ ಮಾತ್ರವಲ್ಲ, ಪಕ್ಕದಲ್ಲೂ ಒಂದಿಂಚು ಮೇಲೆ ತೂತು ಬೇಕು. ಕೆಳಗೆ ಇಟ್ಟಿಗೆ ಚೂರು ಕೊಟ್ಟು ಎತ್ತರಿಸಿ, ಆ ಚಂದದ ತಟ್ಟೆಗಳನ್ನು ದಸರೆಯವರೆಗೆ ಅಟ್ಟಕ್ಕೆ ಹಾಕಿ. ತಟ್ಟೆಯಲ್ಲಿ ನಿಂತ ನೀರಿಗೆ ಡೆಂಗಿ ಸೊಳ್ಳೆ ಮೊದಲು ಬರುತ್ತದೆ, ಪಾಲಿಕೆಯವರು ಆಮೇಲೆ ಬರುತ್ತಾರೆ.

ಯಾವ ಗಿಡ ಅಂತೀರಾ? ಮಾವೇ ಬೇಕೆಂದರೆ ಕೆಳಗೆ ನೆಲ ಸಿಕ್ಕವರು ವೆಂಗುರ್ಲೆಯ ರತ್ನಾ ಕಸಿ ಹಾಕಲಿ. ನೀಲಂ ಮತ್ತು ಹಾಪೂಸಿನ ಮಗು, ವರ್ಷಬಿಟ್ಟು ವರ್ಷ ಮುನಿಸಿಕೊಳ್ಳುವ ಅಪ್ಪ ಹಾಪೂಸಿನ ಚಾಳಿ ಅದಕ್ಕಿಲ್ಲ. ಲಿಂಬೆ ಆದೀತು, ಅಂಜೂರ ಆದೀತು. ಗ್ಯಾಲರಿಗೆ ನನ್ನ ಓಟು ಪೇರಳೆಗೆ. ಪುಣೆಯ ಗಣೇಶಖಿಂಡದಲ್ಲಿ ಆರಿಸಿದ ಸರದಾರ್ ಇದೆಯಲ್ಲ, ಲಖನೌ-49 ಅನ್ನುತ್ತಾರೆ, ಅದರ ಕಸಿ ತನ್ನಿ. ಪೇರಳೆ ಹೂ ಬಿಡುವುದು ಹೊಸ ಚಿಗುರಿನಲ್ಲಿ. ಹಾಗಾಗಿ ಕತ್ತರಿಗೆ ಹೆದರುವವರಿಗೆ ಅದು ಒಲಿಯುವುದಿಲ್ಲ. ಫೆಬ್ರವರಿ, ಮಾರ್ಚಿನಲ್ಲಿ ಬರುವ ಹೂವನ್ನು, ಮರಾಠಿ ರೈತರು ಆಂಬೆ ಬಹಾರ್ ಅನ್ನುವುದನ್ನು, ಕಣ್ಣು ಮುಚ್ಚಿ ಚಿವುಟಿಬಿಡಿ. ಬಿಟ್ಟರೆ ಅದು ಹಣ್ಣಾಗುವುದು ಸುರಿಮಳೆಯಲ್ಲಿ: ಸಪ್ಪೆ ರುಚಿ, ಒಳಗೆ ಹಣ್ಣುನೊಣದ ಮರಿಗಳು. ಮೇ ತಿಂಗಳಲ್ಲಿ ಕೊಂಬೆಯ ತುದಿ ಕತ್ತರಿಸಿ ಗೊಬ್ಬರ ಕೊಡಿ. ಮಳೆ ಹಿಡಿದಾಗ ಬರುವ ಮೃಗ ಬಹಾರಿನ ಹೂವು ಚಳಿಗಾಲಕ್ಕೆ ಹಣ್ಣಾಗುತ್ತದೆ, ಸಕ್ಕರೆಯೆಲ್ಲ ಅದರಲ್ಲಿ.

ಕಾಯಿ ಲಿಂಬೆಯಷ್ಟಾದಾಗ ಕಾಗದದ ಪೊಟ್ಟಣ ಕಟ್ಟಿ. ನೊಣಕ್ಕೆ ‘ಕರ್ನಾಟಕ ಮಲ್ಲ’ ಪತ್ರಿಕೆಯ ಹಳೆಯ ಹಾಳೆ ಸಾಕು, ಆದರೆ ಬಾವಲಿ ಅದನ್ನು ಹರಿದು ಒಳಗಿನದನ್ನು ತಿನ್ನುತ್ತದೆ, ಅದಕ್ಕೆ ಬಲೆಬಟ್ಟೆಯೇ ಬೇಕು. ಇನ್ನು, ಗ್ರಿಲ್ಲು ದಾಟಿ ನಮ್ಮ ಕಡೆ ಚಾಚುವ ಕೊಂಬೆಯ ಹಣ್ಣು ಯಾರದ್ದು ಎಂಬುದನ್ನು ಈಗಲೇ ಮಾತಾಡಿಕೊಳ್ಳೋಣ. ಸೊಸೈಟಿಯ ಬೈಲಾ ತೆಗೆದು ನೋಡಿದ್ದೇನೆ, ಅದರಲ್ಲಿ ಏನೂ ಬರೆದಿಲ್ಲ.