ಪಾಯಿಂಟಣ್ಣನ ಆಕಾಶಯಾನ

ಅರಸೀಕೆರೆಯ ಯಾವ ಹೋಟೆಲಿನಲ್ಲಾದರೂ ಸರಿ, ನಾಲ್ಕು ಜನ ಕೂತು ದೋಸೆ ತಿಂದು ಕೈ ತೊಳೆದು ಬರುವಷ್ಟರಲ್ಲಿ ಬಿಲ್ಲು ಒಬ್ಬರ ಕೈಗೆ ಸೇರಿರುತ್ತದೆ. ಹೊಸಬರು ‘ಎಂಥಾ ದೊಡ್ಡ ಮನಸ್ಸು!’ ಎಂದು ಕರಗುವ ಹೊತ್ತಿಗೆ ಅದೇ ಮನುಷ್ಯರ ಎಡಗೈ ಮುಂದೆ ಬರುತ್ತದೆ. “ನಿಂದು ನೂರಾ ಹತ್ತು, ಇವರದು ತೊಂಬತ್ತು. ಕ್ಯಾಶ್ ನನಗೆ ಕೊಟ್ಬಿಡ್ರಪ್ಪ, ಕಾರ್ಡು ನಾನು ಉಜ್ಜಿದೀನಿ.”

ಇವರೇ ಪಾಯಿಂಟಣ್ಣ. ಹೆತ್ತವರು ಇಟ್ಟ ಹೆಸರು ರೇಷನ್ ಕಾರ್ಡಿನಲ್ಲಿದೆ, ಊರು ಇಟ್ಟಿದ್ದು ಇದು. ಗುಮಾಸ್ತರಾಗಿ ನಿವೃತ್ತರಾದವರು, ಒಂದಿಷ್ಟು ತೆಂಗಿನ ತೋಟ, ಬ್ಯಾಂಕಿನಲ್ಲಿ ಒಂದಿಷ್ಟು ಎಫ್‌ಡಿ. ಆ ಎಫ್‌ಡಿಯ ಆಧಾರದ ಮೇಲೆ ಕಾರ್ಡು ಕೊಡುತ್ತಾರೆಂದು ಬೆಂಗಳೂರಿನ ಅಳಿಯ ಬಾಯಿ ತಪ್ಪಿ ಹೇಳಿದ. “ಮಾವ, ಖರ್ಚು ಹೇಗಿದ್ರೂ ಮಾಡ್ತೀರಿ. ಕಾರ್ಡಲ್ಲಿ ಮಾಡಿದ್ರೆ ಪುಕ್ಕಟೆ ವಿಮಾನ.” ಅಷ್ಟೇ. ಅಂದಿನಿಂದ ಪಾಯಿಂಟಣ್ಣ ವಿಮಾನದ ಕಾರ್ಡುಗಳ ಪಂಡಿತರಾದರು. ವಿಮಾನ ಹತ್ತುವುದೊಂದು ಮಾತ್ರ ಬಾಕಿ.

ಅವರ ಜಗಲಿಯಲ್ಲಿ ಇನ್ನೂರು ಪುಟದ ನೋಟ್‌ಬುಕ್ಕಿದೆ. ಮೊದಲ ಪುಟದಲ್ಲಿ ‘ಶ್ರೀ’ ಬರೆದು, ಕೆಳಗೆ ಗೆರೆ ಹೊಡೆದು, ಕಾರ್ಡಿಗೊಂದು ಪುಟ. ‘ವಾರ್ಷಿಕ ಶುಲ್ಕ 5,000. ಜಿಎಸ್‌ಟಿ 18%. ಒಟ್ಟು 5,900.’ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘ಅಬ್ಬಾ!’ ಅದರಡಿ, ಸೇರಿದಾಗ ಸಿಗುವ ಉಡುಗೊರೆ ಪಾಯಿಂಟು, ನೂರು ರೂಪಾಯಿಗೆ ಎಷ್ಟು ಪಾಯಿಂಟು, ಎಷ್ಟು ಪಾಯಿಂಟಿಗೆ ಒಂದು ಮೈಲು, ಯಾವ ವಿಮಾನ ಕಂಪನಿಗೆ ವರ್ಗ ಮಾಡಬಹುದು, ಲೌಂಜಿಗೆ ವರ್ಷಕ್ಕೆ ಎಷ್ಟು ಸಲ ಬಿಡುತ್ತಾರೆ, ಎಲ್ಲವೂ ಇದೆ. ವಿದೇಶದಲ್ಲಿ ಕಾರ್ಡು ಉಜ್ಜಿದರೆ ಮೂರೂವರೆ ಪರ್ಸೆಂಟ್ ಹೆಚ್ಚಿಗೆ ಹಿಡಿಯುತ್ತಾರೆಂಬುದನ್ನೂ ಬರೆದಿಟ್ಟಿದ್ದಾರೆ, ತಿಪಟೂರು ದಾಟುವುದೇ ಅಪರೂಪವಾದರೂ.

ಕೊನೆಯ ಕಾಲಂ ದುಃಖದ್ದು. ‘ಪೆಟ್ರೋಲು: ಪಾಯಿಂಟ್ ಇಲ್ಲ. ಮನೆ ಬಾಡಿಗೆ: ಇಲ್ಲ. ಸರ್ಕಾರಿ ಕಂದಾಯ: ಇಲ್ಲ. ವ್ಯಾಲೆಟ್: ಇಲ್ಲ.’ ಉಳಿದದ್ದು ಪಾಯಿಂಟಣ್ಣನ ಸ್ವಂತ ಖರ್ಚು: ಕೊಟ್ಟಿಗೆ ಗೊಬ್ಬರ, ಹಸುವಿನ ಹಿಂಡಿ, ಕಾಯಿ ಕೀಳುವವರ ಕೂಲಿ. ಮರದಿಂದ ಇಳಿದವನ ಮುಂದೆ ಕಾರ್ಡು ಹಿಡಿದು ನಿಂತಿದ್ದೂ ಆಯಿತು. ಅವನು ಅದನ್ನು ತಿರುಗಿಸಿ ನೋಡಿ, “ಫೋಟೋ ಇಲ್ವಲ್ಲ ಸ್ವಾಮಿ?” ಎಂದು ವಾಪಸ್ ಕೊಟ್ಟ.

ಹಾಗಾಗಿ ಪಾಯಿಂಟಣ್ಣ ಪರರ ಖರ್ಚಿನ ಮೇಲೆ ಬದುಕಬೇಕಾಯಿತು. ಲಗ್ನಪತ್ರಿಕೆ ಕೊಡಲು ಹೋದರೆ ಮುಹೂರ್ತ ಯಾವಾಗ ಎಂದು ಕೇಳುವುದಿಲ್ಲ. “ಸೀರೆ ಎಲ್ಲಿ ತಗೋತೀರಿ? ಅಡ್ವಾನ್ಸ್ ಕೊಟ್ಟಾಯ್ತಾ?” ಊರಲ್ಲಿ ಯಾರು ಫ್ರಿಜ್ಜು ಕೊಳ್ಳುತ್ತಿದ್ದಾರೆ, ಯಾರ ಮಗಳ ಕಾಲೇಜು ಫೀಸು ಎಂದು ಕಟ್ಟಬೇಕು, ಎಲ್ಲವೂ ಬಾಯಿಪಾಠ. 2022ರಲ್ಲಿ ರಿಸರ್ವ್ ಬ್ಯಾಂಕು ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಲು ಒಪ್ಪಿದ ಮೇಲಂತೂ ಕೊತ್ತಂಬರಿ ಸೊಪ್ಪಿನ ಅಂಗಡಿಯಲ್ಲೂ ಅವರು ನಿಂತಿರುತ್ತಾರೆ. “ತಾಯಿ, ಹತ್ತು ರೂಪಾಯಿ ನಂಗೆ ಕೊಡಿ, ಸ್ಕ್ಯಾನ್ ನಾನು ಮಾಡ್ತೀನಿ.”

ಅವರ ಪುರಾಣಪುರುಷ ಒಬ್ಬ ಅಮೆರಿಕದವನು. 1999ರಲ್ಲಿ ಡೇವಿಡ್ ಫಿಲಿಪ್ಸ್ ಎಂಬ ಎಂಜಿನಿಯರ್, ಪುಡ್ಡಿಂಗ್ ಡಬ್ಬಿಗೆ ಅಂಟಿಸಿದ ಚೀಟಿ ಕಳಿಸಿದರೆ ಮೈಲು ಕೊಡುತ್ತಾರೆಂದು ತಿಳಿದು ಹನ್ನೆರಡು ಸಾವಿರಕ್ಕೂ ಹೆಚ್ಚು ಡಬ್ಬಿ ಕೊಂಡ; ಸುಮಾರು ಮೂರು ಸಾವಿರ ಡಾಲರಿಗೆ ಹನ್ನೆರಡು ಲಕ್ಷಕ್ಕೂ ಮೀರಿ ಮೈಲು ಗಿಟ್ಟಿಸಿದ. ಈ ಕಥೆ ಹೇಳುವಾಗ ಪಾಯಿಂಟಣ್ಣನ ಕಣ್ಣು ತುಂಬುತ್ತದೆ. “ನಮ್ಮ ಕೊಬ್ಬರಿ ಮಿಠಾಯಿಗೆ ಯಾರಾದ್ರೂ ಹಾಗೊಂದು ಚೀಟಿ ಅಂಟಿಸಬಾರದಾ?”

ಆಕಾಶಕ್ಕೂ ನಮ್ಮ ತಾಲ್ಲೂಕಿಗೂ ನಂಟಿಲ್ಲ ಎನ್ನುವ ಹಾಗಿಲ್ಲ. ಜಾವಗಲ್ಲಿನ ಹತ್ತಿರ ತೋಟ ಮಾಡಿ, ರೇಷ್ಮೆ ಬೆಳೆದ ಕ್ಯಾಪ್ಟನ್ ಗೋಪಿನಾಥ್ ಅವರೇ 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿ, ಒಂದು ರೂಪಾಯಿಗೂ ಟಿಕೆಟ್ ಮಾರಿದವರು. ಊರೆಲ್ಲ ಹೆಮ್ಮೆಪಡುವ ಈ ಸಂಗತಿ ಪಾಯಿಂಟಣ್ಣನಿಗೆ ಮಾತ್ರ ಕಸಿವಿಸಿ. “ಒಂದು ರೂಪಾಯಿ ಟಿಕೆಟ್ಟಿಗೆ ಪಾಯಿಂಟ್ ಎಷ್ಟಯ್ಯಾ ಬರುತ್ತೆ?”

ಒಂದು ವಿಷಯದಲ್ಲಿ ಮಾತ್ರ ಅವರನ್ನು ಮೆಚ್ಚಲೇಬೇಕು. ಏಕಾದಶಿ ಮರೆತಾರು, ಡ್ಯೂ ಡೇಟ್ ಮರೆಯರು. ಅವರನ್ನು ನೋಡಿ ಕಾರ್ಡು ಹಿಡಿದ ಹುಡುಗರು ‘ಮಿನಿಮಮ್ ಡ್ಯೂ’ ಕಟ್ಟಿ ಸುಮ್ಮನಾಗುತ್ತಾರೆ. ತಿಂಗಳಿಗೆ ಮೂರೂವರೆ ಪರ್ಸೆಂಟ್ ಎಂದರೆ ವರ್ಷಕ್ಕೆ ನಲವತ್ತೆರಡು. ಮೀಟರ್ ಬಡ್ಡಿಯವರ ಅಕ್ಕಪಕ್ಕದ ಲೆಕ್ಕ. “ಬಡ್ಡಿ ಕಟ್ಟಿದವನಿಗೆ ವಿಮಾನ ಕಂಪನೀನೇ ಬರೆದುಕೊಟ್ಟರೂ ನಷ್ಟ” ಎಂದು ಪಾಯಿಂಟಣ್ಣ ಗದರುತ್ತಾರೆ. ಈ ಮಾತು ನೂರಕ್ಕೆ ನೂರು ನಿಜ.

ಆದರೆ ಕೂಡಿಟ್ಟದ್ದನ್ನು ಬಳಸುವುದು ಅವರ ಜಾಯಮಾನದಲ್ಲಿಲ್ಲ. ನಮ್ಮ ಸೀಮೆಯಲ್ಲಿ ಬಲಿತ ಕಾಯನ್ನು ಅಟ್ಟಕ್ಕೆ ಸುರಿದು ಹತ್ತು ಹನ್ನೊಂದು ತಿಂಗಳು ಬಿಡುತ್ತೇವೆ. ನೀರು ಇಂಗಿ, ಅಲ್ಲಾಡಿಸಿದರೆ ಒಳಗೆ ಲೊಟಲೊಟ ಎಂದಾಗ ಉಂಡೆ ಕೊಬ್ಬರಿ. ಆಮೇಲೂ ಧಾರಣೆ ಏರಲಿ ಎಂದು ಕಾಯುತ್ತೇವೆ. ಪಾಯಿಂಟಣ್ಣ ಮೈಲುಗಳನ್ನೂ ಹೀಗೇ ಅಟ್ಟಕ್ಕೆ ಹಾಕಿದ್ದಾರೆ. ಕೊಬ್ಬರಿಯಾದರೆ ಕಾದವರ ಕೈ ಹಿಡಿದೀತು; 2025ರಲ್ಲಿ ಕ್ವಿಂಟಲ್‌ಗೆ 12,100 ಬೆಂಬಲ ಬೆಲೆ ಇದ್ದಾಗ ಪೇಟೆಯಲ್ಲಿ ಅದರ ಎರಡರಷ್ಟಕ್ಕೂ ಮೇಲೆ ಹೋಯಿತು. ಮೈಲಿನ ಧಾರಣೆ ಹಾಗೆ ಏರಿದ್ದನ್ನು ಕಂಡವರಿಲ್ಲ. ನಿನ್ನೆ ಹತ್ತು ಸಾವಿರಕ್ಕೆ ಸಿಗುತ್ತಿದ್ದ ಸೀಟಿಗೆ ನಾಳೆ ಹದಿನೈದು ಕೇಳಿದರೆ ಕೇಳುವವರು ಯಾರು? ಕಿಂಗ್‌ಫಿಶರ್ 2012ರಲ್ಲಿ ನಿಂತಿತು, ಜೆಟ್ 2019ರ ಏಪ್ರಿಲ್ 17ರಂದು ನಿಂತಿತು, ವಿಸ್ತಾರ 2024ರ ನವೆಂಬರ್‌ನಲ್ಲಿ ಏರ್ ಇಂಡಿಯಾದೊಳಗೆ ಸೇರಿತು. ಈ ತಿಥಿಗಳನ್ನೆಲ್ಲ ಪಾಯಿಂಟಣ್ಣನೇ ಊರಿಗೆ ಹೇಳಿದವರು. “ಪಾಯಿಂಟು ಕೂಡಿಡಬಾರದು ಕಣ್ರೋ, ಬಂದ ಹಾಗೆ ಉರುಳಿಸಬೇಕು.” ಹೇಳಿ, ಫೋನು ತೆಗೆದು, ಬ್ಯಾಲೆನ್ಸ್ ನೋಡಿ, ಮತ್ತೆ ಜೇಬಿಗಿಟ್ಟುಕೊಳ್ಳುತ್ತಾರೆ.

ಶಿವಮೊಗ್ಗದ ಸೋಗಾನೆಯಲ್ಲಿ 2023ರಲ್ಲಿ ವಿಮಾನ ನಿಲ್ದಾಣವಾಗಿ, ಅಲ್ಲಿಂದ ತಿರುಪತಿಗೇ ವಿಮಾನ ಬಿಟ್ಟಾಗ ಮನೆಯವರಿಗೆ ಆಸೆ ಹುಟ್ಟಿತು. “ಜಂಕ್ಷನ್ನಲ್ಲಿ ರೈಲು ಹತ್ತಿದ್ರೆ ಶಿವಮೊಗ್ಗ. ಒಂದ್ಸಲ ಹೋಗ್ಬರೋಣ ಕಣ್ರೀ.” ಪಾಯಿಂಟಣ್ಣ ನೋಟ್‌ಬುಕ್ಕು ತೆರೆದರು. ಅವರ ಮೈಲುಗಳಿದ್ದ ಕಂಪನಿ ಆ ದಾರಿಯಲ್ಲಿ ಹಾರುತ್ತಿರಲಿಲ್ಲ. ಹಾರುವ ಊರಿಗೆ ಅವರು ಕೇಳಿದ ದಿನ ಮೈಲಿನ ಸೀಟಿರಲಿಲ್ಲ. ಸೀಟಿದ್ದ ದಿನಕ್ಕೆ ತೆರಿಗೆ, ಸರ್ಚಾರ್ಜು ಕೈಯಿಂದಲೇ ಕೊಡಬೇಕಿತ್ತು. “ಸ್ವಲ್ಪ ತಡಿ, ಇನ್ನೊಂದು ಕಾರ್ಡು ನೋಡ್ತಿದೀನಿ.”

ಆಕೆ ತಡೆಯಲಿಲ್ಲ. ಆಕೆಗೂ ಒಂದು ಕಾರ್ಡಿದೆ, ಆಧಾರ್. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಆಕೆ ಅದನ್ನು ತೋರಿಸಿ, ಶೂನ್ಯ ಟಿಕೆಟ್ ಹರಿಸಿಕೊಂಡು, ಹೊರನಾಡು, ಕುಕ್ಕೆ, ಮಲೆ ಮಹದೇಶ್ವರ ಬೆಟ್ಟ ಎಲ್ಲ ಮುಗಿಸಿದ್ದಾರೆ. ವಾರ್ಷಿಕ ಶುಲ್ಕವಿಲ್ಲ, ಪಾಯಿಂಟು ಸಾಯುವ ಭಯವಿಲ್ಲ. ಐರಾವತ, ರಾಜಹಂಸಕ್ಕೆ ಬಿಡುವುದಿಲ್ಲ, ಕರ್ನಾಟಕ ದಾಟುವ ಹಾಗಿಲ್ಲ, ಷರತ್ತು ಅಷ್ಟೇ. ಅದನ್ನು ತಿಳಿಯಲು ನೋಟ್‌ಬುಕ್ಕು ಬೇಕಾಗಲಿಲ್ಲ. ಪಾಯಿಂಟಣ್ಣ ಒಂದು ರಾತ್ರಿ ಹೆಂಡತಿಯ ರೂಪಾಯಿಗೆಷ್ಟು ಮೈಲು ಬಿತ್ತೆಂದು ಲೆಕ್ಕ ಹಾಕಲು ಕೂತರು. ಸೊನ್ನೆಯಿಂದ ಭಾಗಿಸಲು ಕ್ಯಾಲ್ಕುಲೇಟರ್ ಒಪ್ಪಲಿಲ್ಲ.

ಕಡೆಗೆ ಧರ್ಮಸ್ಥಳಕ್ಕೆ ಆಕೆಯ ಹಿಂದೆ ತಾವೂ ಹೊರಟರು. ಬಸ್ಸಿನಲ್ಲಿ ಕಂಡಕ್ಟರ್ ಮೆಷಿನ್ನಿನ ಮೇಲೆ ಕ್ಯೂಆರ್ ಕೋಡ್ ಮೂಡಿದ್ದು ಕಂಡದ್ದೇ ತಡ, ಪಾಯಿಂಟಣ್ಣ ಎದ್ದು ನಿಂತರು. “ಬಸ್ಸಲ್ಲಿರೋ ಗಂಡಸರೆಲ್ಲಾ ಕೇಳಿ. ಕ್ಯಾಶ್ ನನಗೆ ಕೊಡಿ, ಸ್ಕ್ಯಾನ್ ನಾನು ಮಾಡ್ತೀನಿ!” ಹೆಂಡತಿ ಸೆರಗು ಎಳೆದುಕೊಂಡು ಕಿಟಕಿಯ ಕಡೆ ತಿರುಗಿದರು. ಹಾಸನ ಬರುವಷ್ಟರಲ್ಲಿ ಅವರ ಜೇಬು ಉಬ್ಬಿತ್ತು, ಕಂಡಕ್ಟರ್ ಚೀಲ ಸೊರಗಿತ್ತು. ಘಾಟಿ ಇಳಿಯುವಾಗ ಕಂಡಕ್ಟರೇ ಪಕ್ಕಕ್ಕೆ ಬಂದು ಕೂತ.

“ಯಜಮಾನ್ರೇ, ಐನೂರಕ್ಕೆ ಚಿಲ್ಲರೆ ಇದ್ರೆ ಕೊಡಿ. ಬಸ್ಸಿನ ದುಡ್ಡೆಲ್ಲಾ ನಿಮ್ಮತ್ರಾನೇ ಇದೆ.”

“ಕೊಡ್ತೀನಿ, ಅದಕ್ಕೇನಂತೆ. ನಿಮ್ಮನೆ ಕರೆಂಟ್ ಬಿಲ್ ಯಾವತ್ತು ಕಟ್ತೀರಿ, ಅದು ಹೇಳಿ.”

“ನಮ್ದು ಗೃಹಜ್ಯೋತಿ ಸಾರ್. ಅದೂ ಸೊನ್ನೆ.”