ಜಗಲಿಗೆ ಬಂದ ದಾದರ್

ನನ್ನ ಹತ್ತಿರ ಇನ್ನೂರು ಪುಟದ ಒಂದು ಪಟ್ಟಿ ಇದೆ. ಕುಮಟೆಯ ಕಡೆಯ ನಾವು ನೋಟ್‌ಬುಕ್ಕಿಗೂ ಪಟ್ಟಿ ಅನ್ನುವವರು, ಯಾದಿಗೂ ಪಟ್ಟಿ ಅನ್ನುವವರು. ಹಾಗಾಗಿ ಪಟ್ಟಿಯ ತುಂಬ ಬರೀ ಪಟ್ಟಿ ಎಂದರೆ ಊರವರು ಗಲಿಬಿಲಿಗೊಳ್ಳುವುದಿಲ್ಲ. ಅದಕ್ಕೆ ಕಂದು ಕಾಗದದ ಬೈಂಡು ಹಾಕಿ ಲೇಬಲ್ ಅಂಟಿಸಿದ್ದೇನೆ. ಮೂವತ್ತೆರಡು ವರ್ಷ ಮಕ್ಕಳಿಂದ ಬೈಂಡು ಹಾಕಿಸಿದ ಕೈ, ನಿವೃತ್ತಿಯಾಯಿತೆಂದು ಸುಮ್ಮನಿರುತ್ತದೆಯೇ? ಲೇಬಲ್ಲಿನಲ್ಲಿ ‘ವಿಷಯ’ ಎಂದಿರುವಲ್ಲಿ ‘ಮುಂಬಯಿ’ ಎಂದು ಬರೆದೆ. ‘ತರಗತಿ’ ಎಂದಿರುವಲ್ಲಿ ಸ್ವಲ್ಪ ಯೋಚಿಸಿ ‘ಸ್ಲೀಪರ್’ ಎಂದು ಬರೆದೆ.

ನಾನು ಮುಂಬಯಿ ನೋಡಿಲ್ಲ. ನಮ್ಮ ಕರಾವಳಿಯಲ್ಲಿ ಇದನ್ನು ಬಾಯಿಬಿಟ್ಟು ಹೇಳುವುದು ಸಮುದ್ರ ನೋಡಿಲ್ಲ ಎಂದಷ್ಟೇ ನಾಚಿಕೆಯ ಮಾತು. ಮನೆಗೊಬ್ಬರಾದರೂ ಅಲ್ಲಿರುತ್ತಾರೆ. ನಮ್ಮ ನಾದಿನಿಯೇ ಇಪ್ಪತ್ತೇಳು ವರ್ಷದಿಂದ ಡೊಂಬಿವಲಿಯಲ್ಲಿದ್ದಾಳೆ. ಪ್ರತಿ ಮೇ ತಿಂಗಳಲ್ಲಿ ಅವಳೇ ಮಾಹಿಮ್ ಹಲ್ವದ ಡಬ್ಬಿ ಹಿಡಿದು ಇಲ್ಲಿಗೆ ಬರುವುದರಿಂದ, ಇನ್ನು ನಾವು ಅಲ್ಲಿಗೆ ಹೋಗಿ ಯಾರನ್ನು ನೋಡುವುದು ಎಂದಾಗುತ್ತಿತ್ತು. 1998ರಲ್ಲಿ ಕೊಂಕಣ ರೈಲು ಶುರುವಾದಾಗ ‘ಇನ್ನು ಮುಂಬಯಿ ಅಂದರೆ ಒಂದು ನಿದ್ದೆ’ ಎಂದು ಇವರು ಹೇಳಿದ್ದರು. ಅಂದಿನಿಂದ ಮತ್ಸ್ಯಗಂಧ ಸಂಜೆ ಸಂಜೆ ನಮ್ಮೂರ ಸ್ಟೇಶನ್ನಿಗೆ ಬಂದು, ನಿಂತು, ನಮ್ಮನ್ನು ಬಿಟ್ಟು ಹೋಗುತ್ತಲೇ ಇದೆ. ಒಂದು ವರ್ಷ ಎಸ್ಸೆಸ್ಸೆಲ್ಸಿ ಪೇಪರು, ಒಂದು ವರ್ಷ ಅತ್ತೆಯವರ ಕಾಲು, ಆಮೇಲೆ ಗಬ್ಬದ ದನ. ಈಗ ಅತ್ತೆ ಇಲ್ಲ, ದನ ಮಾರಿದ್ದಾಯಿತು, ಪೇಪರು ಬೇರೆಯವರು ತಿದ್ದುತ್ತಾರೆ.

ಟಿಕೆಟ್ಟಿನ ಕಥೆ ಉದ್ದ ಮಾಡುವುದಿಲ್ಲ. ಬೆಳಿಗ್ಗೆ ಎಂಟಕ್ಕೆ ಬುಕಿಂಗ್ ತೆರೆಯುತ್ತದೆ, ಎಂಟೂ ಐದಕ್ಕೆ ನಮ್ಮದಾಯಿತು, ಒಂದು ಕೆಳಗಿನದು, ಒಂದು ಮೇಲಿನದು. ಒಂದೇ ತಕರಾರು: ಮೊದಲು 120 ದಿನ ಮುಂಚೆಯೇ ಟಿಕೆಟ್ ಕೊಡುತ್ತಿದ್ದರು, 2024ರ ನವೆಂಬರಿನಿಂದ ಅದನ್ನು 60 ಮಾಡಿದ್ದಾರೆ. ಯಾರೋ ಸಂಭ್ರಮ ಎಂದರೇನೆಂದು ಗೊತ್ತಿಲ್ಲದವರು ಮಾಡಿದ ಕೆಲಸ. ನಾಲ್ಕು ತಿಂಗಳು ಕಾಯಬಹುದಾಗಿದ್ದ ಸುಖವನ್ನು ಎರಡು ತಿಂಗಳಿಗೆ ಇಳಿಸಿ, ಪೂರ್ತಿ ದುಡ್ಡು ತೆಗೆದುಕೊಂಡರು.

ಇರುವ ಅರವತ್ತು ದಿನವನ್ನು ನಾನು ಪೋಲು ಮಾಡಲಿಲ್ಲ. ಮೊದಲ ಹದಿನೈದು ದಿನದಲ್ಲಿ ಗೇಟ್‌ವೇ ಆಫ್ ಇಂಡಿಯಾ ಮುಗಿಸಿದೆ. ಅದನ್ನು ಕಟ್ಟಿದ್ದು 1911ರಲ್ಲಿ ಐದನೇ ಜಾರ್ಜ್ ರಾಜ ಬಂದಿಳಿದ ನೆನಪಿಗೆ. ರಾಜ ಬಂದ ದಿನ ಅಲ್ಲಿದ್ದದ್ದು ರಟ್ಟಿನ ಮಾದರಿಯಂತೆ. ಕಲ್ಲಿನ ಬಾಗಿಲು ಮುಗಿದದ್ದು 1924ಕ್ಕೆ. ನೆಂಟರು ಬಂದು ಹೋಗಿ ಹದಿಮೂರು ವರ್ಷದ ಮೇಲೆ ತೋರಣ ಕಟ್ಟಿದ ಹಾಗೆ. ಕೊನೆಗೆ 1948ರ ಫೆಬ್ರವರಿಯಲ್ಲಿ ಬ್ರಿಟಿಷರ ಕಡೆಯ ತುಕಡಿ ಅದೇ ಬಾಗಿಲಲ್ಲಿ ವಾಪಸು ನಡೆಯಿತು ಎಂದು ಓದಿದಾಗ ನನಗಾದ ಖುಷಿ, ಹತ್ತನೇ ತರಗತಿಗೆ ಇತಿಹಾಸ ಕಲಿಸುವಾಗ ಒಂದು ದಿನವೂ ಆಗಿರಲಿಲ್ಲ.

ಆ ಗೇಟ್‌ವೇಯಿಂದಲೇ ಎಲಿಫೆಂಟಾಕ್ಕೆ ದೋಣಿ. ಅದನ್ನು ಸೋಮವಾರಕ್ಕೆ ಹಾಕಿದ್ದೆ. ಸೋಮವಾರ ಗುಹೆಗಳಿಗೆ ರಜೆ. ಸರಿ ಎಂದು ಭಾನುವಾರಕ್ಕೆ ತಂದೆ. ಭಾನುವಾರ ಲೋಕಲ್ ರೈಲಿಗೆ ಮೆಗಾಬ್ಲಾಕ್, ಅಂದರೆ ವಾರವಿಡೀ ಓಡಿದ ಹಳಿಗಳನ್ನು ರಿಪೇರಿಗೆಂದು ಹಲವು ಗಂಟೆ ಮುಚ್ಚಿಡುವ ದಿನ. ಮಂಗಳವಾರಕ್ಕೆ ಒಯ್ದರೆ ಅಲ್ಲಿ ಆಗಲೇ ಮಾಟುಂಗಾ ಕೂತಿತ್ತು. ಮಾಟುಂಗಾ ಇವರ ಪಾಲು. ನನ್ನ ಇಡೀ ಪಟ್ಟಿಗೆ ಇವರು ಕೊಟ್ಟ ಏಕೈಕ ಕಾಣಿಕೆಯೆಂದರೆ, ಸ್ಟೇಶನ್ನಿನ ಎದುರಿನ ರಾಮಾ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಊಟ ಮಾಡಬೇಕು ಎಂಬುದು. 1942ರಿಂದ ಇರುವ ಊಟದ ಮನೆ, ಬಾಳೆ ಎಲೆಯ ಮೇಲೆ ಬಡಿಸುತ್ತಾರೆ. “ಬಾಳೆ ಎಲೆ ಊಟಕ್ಕೆ ಮುಂಬಯಿವರೆಗೆ ಹೋಗ್ಬೇಕಾ? ಹಿತ್ತಲಲ್ಲಿ ಕೊಯ್ದು ತನ್ನಿ, ನಾನೇ ಬಡಿಸ್ತೇನೆ” ಅಂದೆ. “ಅಲ್ಲಿ ಬಡಿಸುವವರು ಮಾತಾಡೂದಿಲ್ಲ” ಅಂದರು. ಮಾಟುಂಗಾವನ್ನು ಬುಧವಾರಕ್ಕೆ ದೂಡಿದೆ, ಎಲಿಫೆಂಟಾ ಮಂಗಳವಾರದಲ್ಲಿ ಭದ್ರವಾಗಿ ಕೂತಿತು.

ಇಷ್ಟು ಹೊತ್ತಿಗೆ ಬೆಂಗಳೂರಿನ ನಮ್ಮ ಅಣ್ಣನ ಮಗ ಫೋನ್ ಮಾಡಿದ. “ಇದೆಲ್ಲ ಯಾಕತ್ತೆ? ಫೋನಲ್ಲಿ ಮ್ಯಾಪ್ ಹಾಕಿದ್ರೆ ಅದೇ ಕರ್ಕೊಂಡು ಹೋಗುತ್ತೆ” ಅಂದ. ಇವನಿಗೆ ತನ್ನ ಮನೆಯಿಂದ ತರಕಾರಿ ಅಂಗಡಿಗೆ ಹೋಗಲಿಕ್ಕೂ ‘ಎಡಕ್ಕೆ ತಿರುಗಿ’ ಅನ್ನುವ ಆ ಹೆಂಗಸಿನ ದನಿ ಬೇಕು. ಹೋದ ವರ್ಷ ಅದನ್ನೇ ನಂಬಿ ಗೋಕರ್ಣಕ್ಕೆಂದು ಹೊರಟವನು ಯಾರದೋ ಸೀಗಡಿ ಹೊಂಡದ ದಂಡೆಗೆ ಕಾರು ತಂದು ನಿಲ್ಲಿಸಿದ್ದ. ಕಾರು ಎತ್ತಲು ನಾಲ್ಕು ಜನರನ್ನು ಹುಡುಕಿದ್ದು ಈ ಅತ್ತೆಯೇ, ಮ್ಯಾಪ್ ಅಲ್ಲ. ಹೇಳಲಿಲ್ಲ. ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ, ಎಲ್ಲಾದರೂ ಬರೆಯೋಣ ಎಂದು.

ಆದರೆ ನಾದಿನಿ ಹೇಳಿಕೊಟ್ಟ ಒಂದು ಆ್ಯಪನ್ನು ಮಾತ್ರ ಫೋನಿಗೆ ಹಾಕಿಸಿಕೊಂಡೆ. ಅಲ್ಲಿಯ ಲೋಕಲ್ ರೈಲುಗಳ ಹೊತ್ತುಗೊತ್ತೆಲ್ಲ ಅದರಲ್ಲಿದೆ. ಯಾವುದು ತಡ, ಯಾವುದು ರದ್ದು ಎಂದು ಪ್ರಯಾಣಿಕರೇ ಬರೆಯುತ್ತಾರೆ. ಕಲ್ಯಾಣದ ಗಾಡಿ ಹದಿನೈದು ನಿಮಿಷ ತಡ ಎಂದು ಕುಮಟೆಯಲ್ಲಿ ಕೂತು ನಾನು ಚಡಪಡಿಸಿದ ಬೆಳಿಗ್ಗೆಗಳಿವೆ. “ಇವತ್ತು ಠಾಣೆಯವ್ರದ್ದು ಕಷ್ಟ” ಎಂದು ದೋಸೆ ಹೊಯ್ಯುತ್ತ ಹೇಳಿದರೆ ಇವರು ಚಟ್ನಿ ಹಾಕಿಸಿಕೊಳ್ಳುತ್ತಿದ್ದರು.

ಆಗಲೇ ತಿಳಿದದ್ದು, ನಮ್ಮ ನಿಜವಾದ ಗಂಡಾಂತರ ಗೇಟ್‌ವೇಯೂ ಅಲ್ಲ, ಎಲಿಫೆಂಟಾವೂ ಅಲ್ಲ. ಲೋಕಲ್ ಹತ್ತುವುದು. “ಅತ್ತಿಗೆ, ಒಂದು ಸ್ಟೇಶನ್ನಿನಲ್ಲಿ ಇಪ್ಪತ್ತು, ಮೂವತ್ತು ಸೆಕೆಂಡು ನಿಲ್ತದೆ ಅಷ್ಟೆ. ನೀವು ಲೇಡೀಸ್ ಡಬ್ಬಿ, ಅಣ್ಣ ಜನರಲ್. ಅವ ಹತ್ತಿದ್ನಾ ಇಲ್ವಾ ಅಂತ ನೋಡ್ಲಿಕ್ಕೆ ಹೋಗ್ಬೇಡಿ” ಅಂದಳು ನಾದಿನಿ. ಮೂವತ್ತೊಂದು ವರ್ಷದ ಸಂಸಾರದಲ್ಲಿ ಬಾರದ ವಿರಹ, ಅದೂ ಇಪ್ಪತ್ತು ಸೆಕೆಂಡಿನಲ್ಲಿ ಬರುವಂಥದು. ಶಾಲೆಯ ಗ್ಯಾದರಿಂಗಿಗೆ ಮೂರು ವಾರ ರಿಹರ್ಸಲ್ ಮಾಡಿಸಿದವಳು ನಾನು. ಇದಕ್ಕೆ ಮಾಡಿಸದೆ ಇರುತ್ತೇನೆಯೇ?

ಒಂದು ಶನಿವಾರ ಮಧ್ಯಾಹ್ನ ನಮ್ಮ ಜಗಲಿ ಲೋಕಲ್ ಆಯಿತು. ಎರಡು ಕಂಬದ ನಡುವಿನ ಜಾಗ ಬಾಗಿಲು. ಒಳಗೆ ಊಟದ ಮೇಜಿನ ಮೂರು ಕುರ್ಚಿ ಒತ್ತಿ ಇಟ್ಟೆ. ಮೂವರ ಸೀಟಿನಲ್ಲಿ ನಾಲ್ವರು ಕೂರುವುದು ಅಲ್ಲಿಯ ರಿವಾಜು. ಆ ನಾಲ್ಕನೆಯವರಿಗೆ ಸಿಗುವುದು ಅರ್ಧ ತೊಡೆಯಷ್ಟು ಜಾಗ, ಅದರ ಹೆಸರು ಫೋರ್ಥ್ ಸೀಟ್. ಆ ಸ್ಥಾನಕ್ಕೆ ಪಕ್ಕದ ಮನೆಯ ಸೊಸೆಯನ್ನು ಕೂರಿಸಿದೆ, ತೆಳ್ಳಗಿದ್ದಾಳೆ ಎಂದು. ಅವಳ ಅತ್ತೆಗೆ ಕಿಟಕಿಯ ಬದಿ. ಉಳಿದ ಗರ್ದಿಗೆ ಸ್ವಸಹಾಯ ಸಂಘದ ಆರು ಹೆಂಗಸರು. ಅವತ್ತು ಸಂಘದ ಮೀಟಿಂಗು ನಮ್ಮಲ್ಲೇ ಇತ್ತು, ಚಹಾಕ್ಕೆ ಮೊದಲು ಗರ್ದಿ ಆಗಬೇಕು ಎಂದು ಕರಾರು ಮಾಡಿಕೊಂಡಿದ್ದೆ. ಎದುರು ಮನೆಯ ಒಂಬತ್ತನೇ ತರಗತಿ ಹುಡುಗಿ ಧ್ವನಿವರ್ಧಕ. ದೇವರ ಕೋಣೆಯ ಜಾಗಟೆ ಹಿಡಿದು ಅವಳು ‘ಪುಢೀಲ್ ಸ್ಟೇಶನ್ ದಾದರ್, ಅಗಲಾ ಸ್ಟೇಶನ್ ದಾದರ್, ನೆಕ್ಸ್ಟ್ ಸ್ಟೇಶನ್ ದಾದರ್’ ಎಂದು ಮೂರು ಭಾಷೆಯಲ್ಲಿ ಹೇಳಬೇಕು, ಬಾರಿಸಬೇಕು, ಇಪ್ಪತ್ತು ಎಣಿಸಿ ಮತ್ತೆ ಬಾರಿಸಬೇಕು.

ಇವರನ್ನು ಅಂಗಳದಲ್ಲಿ ನಿಲ್ಲಿಸಿ ಚೀಲವನ್ನು ಬೆನ್ನಿಂದ ತೆಗೆಸಿ ಎದೆಗೆ ಹಾಕಿಸಿದೆ. ಅಲ್ಲಿ ಎಲ್ಲರೂ ಹಾಗೇ ಹಾಕುತ್ತಾರೆ. ತೂಕಕ್ಕೆ ನಾಲ್ಕು ತೆಂಗಿನಕಾಯಿ.

ಮೊದಲ ಗಾಡಿ ಬಂತು. ಇವರು ಸಂಘದ ಅಧ್ಯಕ್ಷೆಗೆ “ನೀವು ಹತ್ತಿ, ನೀವು ಹತ್ತಿ” ಎಂದು ಕೈ ತೋರಿಸುತ್ತ ನಿಂತರು. ಗಾಡಿ ಹೋಯಿತು. ಎರಡನೆಯದು ಬಂತು. ಈ ಸಲ ಸಂಕೋಚ ಬಿಟ್ಟು ಮುಂದೆ ನುಗ್ಗಿದವರು, ಬಾಗಿಲಿಗೆ ಬಂದೊಡನೆ ಬಗ್ಗಿ, ಚಪ್ಪಲಿ ಕಳಚಿ, ಜೋಡಿಸಿ ಬದಿಗಿಟ್ಟರು. ಜಾಗಟೆ ಬಾರಿಸಿತು.

“ಲೋಕಲ್ಲಿಗೆ ಚಪ್ಪಲಿ ಬಿಟ್ಟು ಹತ್ತುವವರು ಯಾರ್ರೀ?”

“ಜಗಲಿಗೆ ಚಪ್ಪಲಿ ಹಾಕಿ ಹತ್ತಿದ್ರೆ ನೀನೇ ಬೈತೆ.”

ಇದಕ್ಕೆ ನನ್ನ ಪಟ್ಟಿಯಲ್ಲಿ ಉತ್ತರ ಇರಲಿಲ್ಲ. ಒಂದು ದಿನದ ಮಟ್ಟಿಗೆ ಚಪ್ಪಲಿಗೆ ಅಪ್ಪಣೆ ಕೊಟ್ಟೆ. ಮೂರನೆಯ ಗಾಡಿಗೆ ಇವರು ಹತ್ತಿದರು! ಹೆಂಗಸರು ಚಪ್ಪಾಳೆ ತಟ್ಟಿದರು. ಒಳಗೆ ಹೋದವರು ಸೀಟಿನಲ್ಲಿ ಕೂತವರನ್ನು ‘ಕಹಾಂ ಉತರೋಗೇ’ ಎಂದು ಕೇಳಿ ಜಾಗ ಕಾದಿರಿಸಿಕೊಳ್ಳಬೇಕು, ಇದೂ ರಿವಾಜು. ಹೇಳಿಕೊಟ್ಟಂತೆಯೇ ಕೇಳಿದರು. ಪಕ್ಕದ ಮನೆಯ ಅತ್ತೆ ತಲೆಯೆತ್ತಿ ನೋಡಿ, “ನಾ ಎಲ್ಲಿಗೂ ಹೋಗೂದಿಲ್ಲ ಮಾರಾಯ, ಚಹಾ ಕುಡ್ದು ಮನೆಗೇ” ಅಂದಳು.

ಸರಿಯಾಗಿ ಆಗಲೇ ಗ್ಯಾಸಿನವನು ಹೆಗಲ ಮೇಲೆ ಸಿಲಿಂಡರ್ ಹೊತ್ತು ಅಂಗಳಕ್ಕೆ ಬಂದ. ಅಡುಗೆಮನೆಗೆ ದಾರಿ ಜಗಲಿಯ ಮೇಲೇ. ಹದಿನಾಲ್ಕು ಕೇಜಿ ಗ್ಯಾಸು, ಮೇಲೆ ಕಬ್ಬಿಣದ ಭಾರ. ಅವನಿಗೆ ನಿಲ್ಲುವ ವ್ಯವಧಾನವಿಲ್ಲ. “ಸರೀರಿ, ಸರೀರಿ” ಎಂದು ನುಗ್ಗಿದ. ಗರ್ದಿಯವರು ಬಿಡಲಿಲ್ಲ; ಅಷ್ಟು ಹೊತ್ತಿಗೆ ಅವರಿಗೂ ಪಾತ್ರ ಮೈಮೇಲೆ ಬಂದಿತ್ತು. “ಲಗೇಜ್ ಡಬ್ಬಿಗೆ ಹೋಗು, ಲಗೇಜ್ ಡಬ್ಬಿಗೆ ಹೋಗು” ಎಂದು ನಾನು ಕೂಗಿದೆ. ಅವನು ಕಂಗಾಲಾಗಿ, “ಎಲ್ಲಿ ಅದು ಅಕ್ಕೋರೆ? ಹಿಂದ್ಗಡೆ ಬಾಗ್ಲಾ?” ಅಂದ. ಜಾಗಟೆ ಬಾರಿಸಿತು. ದಾದರ್! ನಾನು ಗರ್ದಿ ಸೀಳಿಕೊಂಡು ಇಳಿದೆ. ಮೊದಲೇ ಗೊತ್ತು ಮಾಡಿದಂತೆ ತುಳಸಿಕಟ್ಟೆಯ ಹತ್ತಿರ, ಅಂದರೆ ಇಂಡಿಕೇಟರಿನ ಕೆಳಗೆ, ಹೋಗಿ ನಿಂತೆ. ಇಪ್ಪತ್ತು ಎಣಿಸಿ ಆಯಿತು. ಗಾಡಿ ಹೊರಟಿತು. ಇವರು ಇಳಿಯಲಿಲ್ಲ.

ಹೇಳಿದರೆ ನಗಬೇಡಿ. ನನ್ನದೇ ಅಂಗಳದಲ್ಲಿ, ನನ್ನದೇ ತುಳಸಿಯ ಪಕ್ಕ, ನಾನು ನಿಜಕ್ಕೂ ಹೆದರಿದೆ. ಬಗ್ಗಿ ನೋಡಿದರೆ ಇವರು ಹೇಗೋ ಕಿಟಕಿಯ ಬದಿ ಸಂಪಾದಿಸಿ, ನಾಲ್ಕು ತೆಂಗಿನಕಾಯಿ ಅಪ್ಪಿಕೊಂಡು, ಕಣ್ಣು ಮುಚ್ಚಿದ್ದರು. ಪಕ್ಕದ ಮನೆಯ ಅತ್ತೆ ಪಾಪ ಎದ್ದು ನಿಂತಿದ್ದಳು. ಪರೇಲ್ ಹೋಯಿತು, ಭಾಯ್ಖಳಾ ಹೋಯಿತು, ಇವರು ನೇರ ಕೊನೆಯ ಸ್ಟೇಶನ್ ವಿಟಿಗೆ ಹೋಗಿ ಮುಟ್ಟಿದರು. ಎಬ್ಬಿಸಿದ್ದು ಚಹಾದ ವಾಸನೆ.

ರಾತ್ರಿ ಇದನ್ನೆಲ್ಲ ನಾದಿನಿಗೆ ಫೋನಿನಲ್ಲಿ ಹೇಳಿದೆ. ನಕ್ಕಳು. ಆಮೇಲೆ, “ಅಣ್ಣ ಒಬ್ಬನೇ ಅತ್ತಿಗೆ ಇಲ್ಲಿಯವ್ರ ಹಾಗೆ ಮಾಡಿದ್ದು. ನಾನೂ ಹಾಗೇ, ನಿಂತಲ್ಲೇ ನಿದ್ದೆ” ಅಂದಳು. ಇಪ್ಪತ್ತೇಳು ವರ್ಷ. ಮೇ ತಿಂಗಳಲ್ಲಿ ಬಂದಾಗ ಮಧ್ಯಾಹ್ನದವರೆಗೆ ಮಲಗುತ್ತಾಳೆ ಎಂದು ನಾನು ಆಡಿಕೊಂಡದ್ದಿದೆ.

ಮೂರು ವಾರದ ಮೇಲೆ ಗ್ಯಾಸಿನವನು ಮತ್ತೆ ಬಂದ. ಸಿಲಿಂಡರ್ ಇರಲಿಲ್ಲ. ಚಪ್ಪಲಿ ಬಿಟ್ಟು ಅಂಗಳದಲ್ಲೇ ನಿಂತಿದ್ದ.

“ಅಕ್ಕೋರೆ, ಅವತ್ತು ಕೈಯಲ್ಲಿ ಹಿಡ್ಕಂಡಿದ್ರಲ, ಮುಂಬಯಿ ಪಟ್ಟಿ. ಅದ್ರಲ್ಲಿ ಟಾಟಾ ಆಸ್ಪತ್ರೆ ಅದೆಯಾ?”

ಅವನ ತಾಯಿಗೆ. ಮಂಗಳೂರಿನಲ್ಲಿ ತೋರಿಸಿ ಆಗಿತ್ತು. ಮತ್ಸ್ಯಗಂಧಕ್ಕೆ ಟಿಕೆಟ್ಟೂ ಆಗಿತ್ತು. ಕುರ್ಲಾದಲ್ಲಿ ಇಳಿದ ಮೇಲೆ ಏನು ಎಂಬುದು ಅವನಿಗೆ ಗೊತ್ತಿರಲಿಲ್ಲ, ಕೇಳಲು ಅಲ್ಲಿ ಅವನಿಗೆ ನಾದಿನಿಯೂ ಇರಲಿಲ್ಲ.

ಪಟ್ಟಿಯಲ್ಲಿ ಆಸ್ಪತ್ರೆ ಇರಲಿಲ್ಲ. ಪ್ರವಾಸದ ಪಟ್ಟಿಯಲ್ಲಿ ಯಾಕಿರುತ್ತದೆ? ಆದರೆ ಆ ಆಸ್ಪತ್ರೆ ಇರುವ ಪರೇಲ್ ಇತ್ತು. ಅವನನ್ನು ಅದೇ ಜಗಲಿಯಲ್ಲಿ ಕೂರಿಸಿ, ಮುಂಬಯಿ ನೋಡದ ನಾನು ಮುಂಬಯಿಯ ದಾರಿ ಹೇಳಿದೆ. ನೀನು ಇಳಿಯುವ ತಿಲಕ್ ಟರ್ಮಿನಸ್ಸಿಗೆ ತಿಲಕನಗರ ಸ್ಟೇಶನ್ ಹತ್ತಿರ ಎಂದು ಯಾರಾದರೂ ಹೇಳಿದರೆ ಹೋಗಬೇಡ, ಅದು ಹಾರ್ಬರ್ ಲೈನು, ವಡಾಲಾ ಕಡೆ ಒಯ್ಯುತ್ತದೆ. ತಾಯಿಯನ್ನು ರಿಕ್ಷಾದಲ್ಲಿ ಕುರ್ಲಾ ಸ್ಟೇಶನ್ನಿಗೆ ಕರೆತಾ. ಅಲ್ಲಿ ಸಿಎಸ್‌ಎಂಟಿ, ಅಂದರೆ ಹಳೆಯ ವಿಟಿ ಕಡೆಯ ಸ್ಲೋ. ಫಾಸ್ಟ್ ಬೇಡ, ಫಾಸ್ಟಿನ ಹೆಚ್ಚಿನ ಗಾಡಿಗಳು ದಾದರ್ ಬಿಟ್ಟರೆ ಭಾಯ್ಖಳಾಕ್ಕೇ ನಿಲ್ಲುವುದು. ಸಾಯನ್, ಮಾಟುಂಗಾ, ದಾದರ್, ನಾಲ್ಕನೆಯದು ಪರೇಲ್. ಬೆಳಿಗ್ಗೆಯ ಗರ್ದಿ ಇಳಿದ ಮೇಲೆ ಹತ್ತು, ಅಲ್ಲಿಯವರೆಗೆ ಸ್ಟೇಶನ್ನಿನಲ್ಲೇ ಕೂತಿರಿ. ಎಲ್ಲ ದೊಡ್ಡ ಅಕ್ಷರದಲ್ಲಿ ಬರೆದು ಹಾಳೆ ಹರಿದು ಕೊಟ್ಟೆ. ಅವನು ಮಡಿಸಿ ಅಂಗಿಯ ಜೇಬಿನಲ್ಲಿಟ್ಟು, ಜೇಬನ್ನು ಎರಡು ಸಲ ಮುಟ್ಟಿ ನೋಡಿಕೊಂಡ.

ಐದನೆಯ ದಿನ ಅಲ್ಲಿಂದಲೇ ಫೋನ್ ಬಂತು. “ಎಲ್ಲ ನೀವು ಹೇಳ್ದಂಗೇ ಸಿಕ್ತು ಅಕ್ಕೋರೆ. ಸಾಯನ್, ಮಾಟುಂಗಾ, ದಾದರ್, ಎಣಿಸ್ಕಂತ ಹೋದೆ. ಆದ್ರೆ ಒಂದು, ನೀವು ಅಲ್ಲಿ ಹತ್ತೂದು ಕಲಿಯೂದು ಬೇಡ. ಹಿಂದಿನವ್ರೇ ಹತ್ತಿಸ್ತ್ರು.” ತಾಯಿಗೆ ಚಿಕಿತ್ಸೆ ಶುರುವಾಗಿದೆ, ಎರಡು ತಿಂಗಳು ಅಲ್ಲೇ ಇರಬೇಕಂತೆ. ಏನಾದರೂ ಬೇಕಾ ಎಂದು ಕೇಳಿದರೆ ಬೇಡ ಬೇಡ ಎಂದವನು, ಇಡುವ ಮೊದಲು, “ಆಯಿಗೆ ಇಲ್ಲಿಯ ಅನ್ನ ಸೇರೂದಿಲ್ಲ” ಅಂದ.

ಈಗ ಹೊರಡಲು ಹನ್ನೆರಡು ದಿನ ಉಳಿದಿದೆ. ನಿನ್ನೆ ಪಟ್ಟಿ ತೆಗೆದು ನೋಡಿದರೆ, ಅವನಿಗೆ ಹರಿದು ಕೊಟ್ಟ ಹಾಳೆಯ ಹಿಂಬದಿಯಲ್ಲೇ ಮಂಗಳವಾರ ಇತ್ತು. ಎಲಿಫೆಂಟಾ, ದೋಣಿಯ ಹೊತ್ತು, ಟಿಕೆಟ್ಟಿನ ದರ, ಮಂಗಗಳ ಬಗ್ಗೆ ಎಚ್ಚರಿಕೆ, ಎಲ್ಲ ಪರೇಲಿಗೆ ಹೋಗಿವೆ. ಹೊಸ ಹಾಳೆಯಲ್ಲಿ ಮಂಗಳವಾರ ಎಂದು ಬರೆದು, ಕೆಳಗೆ ಐದು ಕೇಜಿ ಕುಚ್ಚಲಕ್ಕಿ, ಅಪ್ಪೆಮಿಡಿ ಉಪ್ಪಿನಕಾಯಿ ಎಂದು ಬರೆಯುತ್ತಿದ್ದೆ. ಇವರು ಪೇಪರಿನಿಂದ ತಲೆ ಎತ್ತಲಿಲ್ಲ.

“ಸ್ಲೋ ಹತ್ಬೇಕು” ಅಂದರು. “ಫಾಸ್ಟಾದ್ರೆ ದಾದರ್ ಬಿಟ್ರೆ ಭಾಯ್ಖಳಾ.”