ಅಡಿಕೆ ಸೀಮೆಯಲ್ಲಿ ಕುರೊಸಾವಾ

ಅವಾರ್ಡ್ ಸಿನಿಮಾ ಎಂದರೆ ನಮ್ಮ ಕಡೆ ಒಂದು ಬಗೆಯ ದಿಗಿಲು. ಪರದೆಯ ತುಂಬ ಕತ್ತಲೆ, ಮಾತು ಕಡಿಮೆ, ಮುದುಕಿಯೊಬ್ಬಳು ಹೊಸಿಲ ಮೇಲೆ ಕೂತರೆ ಏಳುವಷ್ಟರಲ್ಲಿ ಇಂಟರ್‌ವಲ್ಲು. ಅದು ಜಪಾನಿನದೋ ಇರಾನಿನದೋ ಆದರಂತೂ ಮುಗಿದೇಹೋಯಿತು. ಕೆಳಗಿನ ಇಂಗ್ಲಿಷ್ ಸಾಲು ಓದಿ ತಲೆಯೆತ್ತುವಷ್ಟರಲ್ಲಿ ಮೇಲೆ ಒಬ್ಬ ಸತ್ತಿರುತ್ತಾನೆ. ಊರಲ್ಲಿ ಯಾರಾದರೂ ಇಂಥದ್ದನ್ನು ತೋರಿಸಲು ಹೊರಟರೆ ಹಿತೈಷಿಗಳದು ಒಂದೇ ಮಾತು: "ನಮ್ಮ ಜನಕ್ಕೆ ಇದೆಲ್ಲ ಎಲ್ಲಿ ಅರ್ಥ ಆಗತ್ತೆ, ಮಾರಾಯ್ರೆ?" ಈ 'ನಮ್ಮ ಜನ'ದ ಲೆಕ್ಕದಲ್ಲಿ ಹೇಳುವವರು ಮಾತ್ರ ಎಂದೂ ಇರುವುದಿಲ್ಲ.

ಇಂಥ ಮಾತನ್ನು ಕಿವಿಗೆ ಹಾಕಿಕೊಳ್ಳದವರು ಹೆಗ್ಗೋಡಿನ ಕೆ.ವಿ. ಸುಬ್ಬಣ್ಣ. ಸಾಗರ ತಾಲ್ಲೂಕಿನ ಆ ಹಳ್ಳಿಯಲ್ಲಿ 1949ರಲ್ಲಿ ಹುಟ್ಟಿದ ಅವರ ನಾಟಕ ಸಂಘ ನೀನಾಸಮ್, 1973ರಲ್ಲಿ ಒಂದು ಚಿತ್ರಸಮಾಜವನ್ನೂ ಕಟ್ಟಿತು. ಪುಣೆಯ ಫಿಲ್ಮ್ ಆರ್ಕೈವ್‌ನ ಪಿ.ಕೆ. ನಾಯರ್ ಚಿತ್ರಗಳ ಡಬ್ಬಿಗಳನ್ನು ಒದಗಿಸಿದರು; ಫಿಲ್ಮ್ ಇನ್‌ಸ್ಟಿಟ್ಯೂಟಿನ ಸತೀಶ್ ಬಹದ್ದೂರ್ ರಸಗ್ರಹಣದ ಪಾಠಕ್ಕೆ ಬಂದರು. ಅಡಿಕೆ ಬೆಳೆಗಾರರ ಮುಂದೆ ಜಪಾನಿನ ಕುರೊಸಾವಾನ 'ರಶೋಮನ್' ಓಡಿತು.

ಓಡಿದ್ದೇನೋ ಸರಿ, ಅರ್ಥವಾಯಿತೇ? ಸ್ವಲ್ಪ ಯೋಚಿಸಿ. ಕಾಡಿನಲ್ಲಿ ಒಂದು ಕೊಲೆ. ಕಳ್ಳ ಒಂದು ಹೇಳುತ್ತಾನೆ, ಸತ್ತವನ ಹೆಂಡತಿ ಇನ್ನೊಂದು, ಸೌದೆ ಕಡಿಯುವವನು ಮತ್ತೊಂದು. ತೋಟದ ಬೇಲಿ ಒಂದು ಮೊಳ ಸರಿದ ವ್ಯಾಜ್ಯಕ್ಕೆ ಕೋರ್ಟು ಹತ್ತಿ, ಎರಡೂ ಕಡೆಯ ಸಾಕ್ಷಿಗಳನ್ನು ಕೇಳಿ ಬಂದವರಿಗೆ ಇದರಲ್ಲಿ ತಿಳಿಯದ್ದೇನು? ನಾಲ್ಕನೆಯ ಸಾಕ್ಷಿಯಂತೂ ಸತ್ತವನೇ. ಅವನು ಮಂತ್ರವಾದಿ ಹೆಂಗಸೊಬ್ಬಳ ಮೈಮೇಲೆ ಬಂದು ಗಂಡಸಿನ ದನಿಯಲ್ಲಿ ಸಾಕ್ಷಿ ನುಡಿಯುತ್ತಾನೆ. ಅವಳ ಕೂದಲೂ ಉಡುಪೂ ಗಾಳಿಗೆ ಹಾರುತ್ತವೆ. ಈ ದೃಶ್ಯಕ್ಕೆ ಪಂಡಿತರು ಪುಟಗಟ್ಟಲೆ ವ್ಯಾಖ್ಯಾನ ಬರೆಯಬೇಕಾಗುತ್ತದೆ. ದರ್ಶನದ ಪಾತ್ರಿಯನ್ನು ಕಂಡ ಮಲೆನಾಡಿಗನಿಗೆ ಅದರ ಅಗತ್ಯವಿಲ್ಲ. ಅವನ ಅನುಮಾನ ಬೇರೆ: ಮೈಮೇಲೆ ಬಂದವನೂ ಸುಳ್ಳು ಹೇಳಬಹುದೇ? ಕುರೊಸಾವಾ ಕೇಳಿದ್ದೂ ಅದನ್ನೇ ಅಲ್ಲವೇ!

ಇಟಲಿಯ 'ಬೈಸಿಕಲ್ ಥೀವ್ಸ್' ಇನ್ನೂ ಸಲೀಸು. ಅಡವಿಟ್ಟ ಸೈಕಲ್ಲು ಬಿಡಿಸಲು ಹೆಂಡತಿ ಹಾಸಿಗೆಯ ಮೇಲಿನ ಚಾದರಗಳನ್ನೇ ಎಳೆದು ಗಂಟು ಕಟ್ಟುತ್ತಾಳೆ. ಅಡವಿನಂಗಡಿಯ ಆಳು ಆ ಗಂಟು ಹೊತ್ತು, ಗೋಡೆಯೆತ್ತರದ ಕಪಾಟು ಹತ್ತುತ್ತಾ ಹೋಗುತ್ತಾನೆ. ಅಲ್ಲಿ ಮೇಲಿನತನಕ ಇಂಥ ಗಂಟುಗಳೇ. ಊರಿಗೆ ಊರೇ ಬರಿ ಹಾಸಿಗೆಯ ಮೇಲೆ ಮಲಗಿದೆಯೆಂದು ತಿಳಿಯಲು ಇಟಾಲಿಯನ್ ಬರಬೇಕಾಗಿಲ್ಲ. ನಾಯರ್ ಅವರ ಬಗ್ಗೆ 2012ರಲ್ಲಿ ಬಂದ 'ಸೆಲ್ಯುಲಾಯ್ಡ್ ಮ್ಯಾನ್' ಸಾಕ್ಷ್ಯಚಿತ್ರದಲ್ಲಿ ಹೆಗ್ಗೋಡಿನವರು ಆಗ ನೋಡಿದ ಚಿತ್ರಗಳನ್ನು ನೆನೆದು ಮಾತಾಡುತ್ತಾರೆ. ನೆಂಟರ ಸುದ್ದಿ ಹೇಳುವ ಧಾಟಿಯಲ್ಲೇ.

ಪೇಟೆಯ ಫಿಲ್ಮ್ ಸೊಸೈಟಿಗಳ ಕಥೆ ತುಸು ಬೇರೆ. ಸದಸ್ಯರಿಗಷ್ಟೇ ತೋರಿಸುವ ವಿದೇಶಿ ಚಿತ್ರಗಳಿಗೆ ಸೆನ್ಸಾರ್ ಕತ್ತರಿಯಿಂದ ವಿನಾಯಿತಿ ಇದೆ ಎಂಬ ಸುದ್ದಿ ಹಬ್ಬಿದ ಮೇಲೆ ಕಲಾಪ್ರೇಮಿಗಳ ಸಂಖ್ಯೆ ಇದ್ದಕ್ಕಿದ್ದಂತೆ ಏರಿತು. ಬಂದವರ ಪಾಲಿಗೆ ಸಿಕ್ಕಿದ್ದು ಬರ್ಗ್‌ಮನ್ನನ ಚಿತ್ರದ ಪಾದ್ರಿ, ದೇವರಿದ್ದಾನೋ ಇಲ್ಲವೋ ಎಂದು ಚಳಿಯಲ್ಲಿ ಕೂತು ಕೊರಗುವವನು. ಅರ್ಧಕ್ಕೆ ಎದ್ದವರು ಬಹಳ; ಕೂತೇ ಇದ್ದು ಚಟ ಹತ್ತಿಸಿಕೊಂಡವರೂ ಉಂಟು. ನಾನಂತೂ ಅವರನ್ನು ಹೀಗಳೆಯಲಾರೆ. ಪ್ರಸಾದದ ಆಸೆಗೆ ಹೋದವನೂ ಗಂಟೆ ಬಾರಿಸಿಯೇ ಬರುತ್ತಾನೆ.

ನನ್ನ ತಕರಾರೆಲ್ಲ ಪರದೆಯ ಮುಂದೆ ಮೈಕು ಹಿಡಿಯುವವರ ಮೇಲೆ. ಸ್ವಾಗತ, ಪ್ರಾಸ್ತಾವಿಕ, ಹಾರ, ನೆನಪಿನ ಕಾಣಿಕೆ. ಆಮೇಲೆ 'ನವವಾಸ್ತವವಾದದ ಹಿನ್ನೆಲೆಯಲ್ಲಿ' ಎಂದು ಶುರುವಾದರೆ ಹಿಂದಿನ ಸಾಲು ಮೆಲ್ಲಗೆ ಚಪ್ಪಲಿ ಹುಡುಕುತ್ತದೆ. ಒಂದೂವರೆ ಗಂಟೆಯ ಚಿತ್ರಕ್ಕೆ ಮುಕ್ಕಾಲು ಗಂಟೆಯ ಪೀಠಿಕೆ ಯಾವ ನ್ಯಾಯ?

ಊರಲ್ಲಿ ಚಿತ್ರ ತೋರಿಸುವವರಲ್ಲಿ ಇಷ್ಟೇ ಅರಿಕೆ: ಯಾವ ದೇಶದ್ದು, ಯಾರ ಕಥೆ ಎಂದು ಕನ್ನಡದಲ್ಲಿ ನಾಲ್ಕು ಮಾತು ಹೇಳಿ, ದೀಪ ಆರಿಸಿ. ಮುಗಿದ ಮೇಲೆ ಚಹಾ ಕೊಟ್ಟು, ಜನ ಆಡುವುದನ್ನು ಕೇಳಿ. ವಂದನಾರ್ಪಣೆ ಇಲ್ಲದಿದ್ದರೂ ನಡೆಯುತ್ತದೆ.